ಹಾಸಿಗೆಯೇ ಮೊಟಕಾದಾಗ ಕಾಲು ಚಾಚುವ ಉಪದೇಶ

ಕಳೆದ ನವೆಂಬರಿನ ರಾಜ್ಯೋತ್ಸವದ ದಿನ, ಊಟದ ಸಾಲಿನಲ್ಲಿ ನಿಂತಿದ್ದಾಗ ಕೇಳಿಸಿಕೊಂಡ ಒಂದು ಮಾತುಕತೆ ಈ ಲೇಖನಕ್ಕೆ ಕಾರಣ. ನನ್ನ ಮುಂದೆ ನಮ್ಮ ಸಂಘದ ಹಿರಿಯರೊಬ್ಬರಿದ್ದರು. 1974ರಲ್ಲಿ ಇಂಗ್ಲೆಂಡಿಗೆ ಬಂದು, ಇಂಜಿನಿಯರ್ ಆಗಿ ದುಡಿದು, ನಿವೃತ್ತರಾದವರು. ಅವರ ಮುಂದೆ, ಪುತ್ತೂರಿನ ಕಡೆಯಿಂದ ಮೂರು ವರ್ಷಗಳ ಹಿಂದೆ ಬಂದು ಸಮೀಪದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಯುವತಿ ನಿಂತಿದ್ದಳು.

“ಏನಮ್ಮಾ, ಇನ್ನೂ ಬಾಡಿಗೆ ಮನೇಲೇ ಇದ್ದೀಯಾ? ಬಾಡಿಗೆ ಕೊಡೋದು ಅಂದ್ರೆ ದುಡ್ಡು ನೀರಿಗೆ ಹಾಕಿದ ಹಾಗೆ. ಬೇಗ ಒಂದು ಮನೆ ತಗೊಂಡುಬಿಡು.”

“ಆಸೆ ಉಂಟು ಅಂಕಲ್. ಆದರೆ ಡಿಪಾಸಿಟ್ಟೇ ಒಟ್ಟಾಗುವುದಿಲ್ಲ.”

“ನಾವೂ ಕಷ್ಟಪಟ್ಟೇ ತಗೊಂಡಿದ್ದಮ್ಮಾ. ಆಗ ನೂರಕ್ಕೆ ಹದಿನೈದು ಬಡ್ಡಿ! ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಈಗಿನವರಿಗೆ ಹೊರಗಡೆ ಊಟ, ಕಾಫಿ, ಹಾಲಿಡೇ, ಎಲ್ಲಾ ಬೇಕು.”

ಆಕೆ ನಕ್ಕು ಸುಮ್ಮನಾದಳು. ತಟ್ಟೆಗೆ ಕೋಸಂಬರಿ ಬಡಿಸಿಕೊಂಡು ಮುಂದೆ ಸರಿದಳು. ಹಿರಿಯರ ಮಾತಿನಲ್ಲಿ ಕೆಡುಕು ಇರಲಿಲ್ಲ. ಮಗಳಿಗೆ ಹೇಳುವ ಅಕ್ಕರೆಯೇ ಇತ್ತು. ಆದರೂ ಆ ನಗು ನನ್ನನ್ನು ಮನೆಯವರೆಗೂ ಹಿಂಬಾಲಿಸಿತು. ನಾನು ಅರ್ಥಶಾಸ್ತ್ರ ಬಲ್ಲವನಲ್ಲ. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿ, ಇಲ್ಲಿ ಕುಟುಂಬ ವೈದ್ಯನಾಗಿ ದುಡಿಯುತ್ತಿರುವವನು. ಆದರೆ ರೋಗಿ ‘ನೋವಿದೆ’ ಎಂದಾಗ ಉಪದೇಶಕ್ಕೆ ಮೊದಲು ಪರೀಕ್ಷೆ ಮಾಡಬೇಕೆಂಬುದು ನಮ್ಮ ವೃತ್ತಿ ಕಲಿಸುವ ಮೊದಲ ಪಾಠ. ಆ ರಾತ್ರಿ ಕಾಗದ ಪೆನ್ನು ಹಿಡಿದು ಕುಳಿತು, ಹಿರಿಯರ ಮನೆಯ ಲೆಕ್ಕವನ್ನೂ ಆ ಹುಡುಗಿಯ ಮನೆಯ ಲೆಕ್ಕವನ್ನೂ ಪಕ್ಕಪಕ್ಕದಲ್ಲಿ ಬರೆದೆ.

ಮೊದಲು ಹಿರಿಯರದು. ಅವರು ಎಷ್ಟೋ ಸಲ ನಮಗೆ ಹೇಳಿರುವ ಕಥೆಯೇ ಅದು. 1980ರಲ್ಲಿ ಅವರು ಕೊಂಡ ಮೂರು ಮಲಗುಕೋಣೆಗಳ ಮನೆಯ ಬೆಲೆ 23,500 ಪೌಂಡ್. ಆ ವರ್ಷದ ದೇಶದ ಸರಾಸರಿಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಅವರ ವಾರ್ಷಿಕ ಸಂಬಳ 8,000. ಬಿಲ್ಡಿಂಗ್ ಸೊಸೈಟಿ ಸಂಬಳದ ಎರಡೂವರೆ ಪಟ್ಟು, ಅಂದರೆ 20,000 ಪೌಂಡ್, ಸಾಲ ಕೊಟ್ಟಿತು. ಬಡ್ಡಿ ನಿಜಕ್ಕೂ ಶೇ. 15. ಇಪ್ಪತ್ತೈದು ವರ್ಷಗಳ ಅವಧಿಗೆ ತಿಂಗಳ ಕಂತು ಸುಮಾರು 256 ಪೌಂಡ್. ತೆರಿಗೆಗೆ ಮುಂಚಿನ ಸಂಬಳದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು. ಇದು ಹಗುರವಾದ ಹೊರೆಯಲ್ಲ. ಈ ಲೇಖನದ ಕರಡನ್ನು ಅವರಿಗೆ ಓದಿ ಹೇಳಿದಾಗ ಅವರು ಒಂದು ಮಾತನ್ನು ಸೇರಿಸಲೇಬೇಕೆಂದು ಪಟ್ಟುಹಿಡಿದರು: ಮೊದಲ ಚಳಿಗಾಲದಲ್ಲಿ ಅವರ ಮಲಗುಕೋಣೆಗೆ ಹೀಟಿಂಗ್ ಇರಲಿಲ್ಲ, ಕೂರಲು ಕುರ್ಚಿ ಇರಲಿಲ್ಲ, ಸಾಮಾನು ಬಂದ ಪೆಟ್ಟಿಗೆಗಳ ಮೇಲೆ ಕುಳಿತು ಊಟ ಮಾಡಿದರು. ಸೇರಿಸಿದ್ದೇನೆ. ಇನ್ನೂ ಒಂದನ್ನು ನಾನಾಗಿಯೇ ಸೇರಿಸುತ್ತೇನೆ. ಚರ್ಮದ ಬಣ್ಣ ನೋಡಿ ಮನೆ ನಿರಾಕರಿಸುವುದು ಈ ದೇಶದಲ್ಲಿ ಕಾನೂನುಬಾಹಿರವಾದದ್ದೇ 1968ರಲ್ಲಿ. ಕಾನೂನು ಬದಲಾದ ಮಾತ್ರಕ್ಕೆ ಬಾಗಿಲುಗಳು ತಾವಾಗಿ ತೆರೆಯಲಿಲ್ಲ. ನಮ್ಮ ಹಿರಿಯರು ಪಟ್ಟ ಪಾಡನ್ನು ಯಾರೂ ಹಗುರವಾಗಿ ಕಾಣಬಾರದು.

ಆದರೆ ಅವರ ಕಥೆಯಲ್ಲಿ ಅವರೇ ಗಮನಿಸದ ಒಬ್ಬ ಸಹಾಯಕನಿದ್ದ. ಅವನ ಹೆಸರು ಹಣದುಬ್ಬರ. 1980ರಿಂದ 1990ರ ನಡುವೆ ಬ್ರಿಟನ್ನಿನಲ್ಲಿ ಸಾಮಾನ್ಯ ಬೆಲೆಗಳು ಹೆಚ್ಚುಕಡಿಮೆ ಎರಡು ಪಟ್ಟಾದವು. ಸಂಬಳಗಳು ಅದಕ್ಕಿಂತಲೂ ಹೆಚ್ಚು ಏರಿದವು. 1990ರ ಹೊತ್ತಿಗೆ ನಮ್ಮ ಹಿರಿಯರ ಸಂಬಳ 20,000 ಪೌಂಡ್ ಮುಟ್ಟಿತ್ತು. ಸಾಲದ ಅಸಲು ಮಾತ್ರ ಬೆಳೆಯುವಂತಿರಲಿಲ್ಲ. ಅದು 1980ರ ಕಾಗದದ ಮೇಲೆ ಬರೆದ ಅಂಕಿಯಲ್ಲಿಯೇ ನಿಂತಿತ್ತು. ಎರಡೂವರೆ ವರ್ಷದ ದುಡಿಮೆಗೆ ಸಮನಾಗಿದ್ದ ಸಾಲ, ಅಸಲನ್ನು ಅಷ್ಟೇನೂ ತೀರಿಸದಿದ್ದರೂ, ಹತ್ತು ವರ್ಷಗಳಲ್ಲಿ ಒಂದು ವರ್ಷದ ದುಡಿಮೆಗಿಂತ ಕಡಿಮೆಯಾಯಿತು. ಬೆಲೆಯೇರಿಕೆ ಅವರ ದಿನಸಿ ಚೀಟಿಯನ್ನು ಉದ್ದ ಮಾಡಿತು ನಿಜ, ಆದರೆ ಅವರ ಸಾಲವನ್ನು ಸದ್ದಿಲ್ಲದೆ ಕರಗಿಸಿತು.

ಈಗ ಆ ಹುಡುಗಿಯ ಲೆಕ್ಕ. ಎನ್‌ಎಚ್‌ಎಸ್‌ನಲ್ಲಿ ಐದನೆಯ ಬ್ಯಾಂಡಿನ ನರ್ಸಿಗೆ ಇಂಗ್ಲೆಂಡಿನಲ್ಲಿ 2025-26ರ ಆರಂಭಿಕ ಸಂಬಳ ವರ್ಷಕ್ಕೆ ಸುಮಾರು 31,000 ಪೌಂಡ್. ಸರಾಸರಿ ಮನೆಯ ಬೆಲೆ ಸುಮಾರು 2.7 ಲಕ್ಷ. ಲಂಡನ್ನಿಗೆ ರೈಲಿನಲ್ಲಿ ಒಂದು ಗಂಟೆಯ ದೂರದಲ್ಲಿರುವ ನಮ್ಮ ಪಟ್ಟಣದಲ್ಲಿ ಅದಕ್ಕಿಂತ ಹೆಚ್ಚು. ಆದರೂ ಸರಾಸರಿಯನ್ನೇ ಹಿಡಿಯೋಣ. ಸಂಬಳದ ನಾಲ್ಕೂವರೆ ಪಟ್ಟು ಸಾಲ ಸಿಕ್ಕಿದರೂ ಅದು 1.4 ಲಕ್ಷ ಪೌಂಡಿಗೆ ನಿಲ್ಲುತ್ತದೆ, ಉಳಿದ 1.3 ಲಕ್ಷ ಎಲ್ಲಿಂದ ಬರಬೇಕು? ದುಡಿಯುವ ಗಂಡ ಬಂದು, ಇಬ್ಬರ ಸಂಬಳದ ಮೇಲೆ ಸಾಲ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಶೇ. 10ರ ಡಿಪಾಸಿಟ್ ಎಂದರೆ 27,000 ಪೌಂಡ್. ಬಾಡಿಗೆ, ಕೌನ್ಸಿಲ್ ತೆರಿಗೆ, ವಿದ್ಯುತ್ತು, ಬಸ್ಸು, ಊರಿಗೆ ಕಳಿಸುವ ಹಣ ಎಲ್ಲ ಕಳೆದು ತಿಂಗಳಿಗೆ 250 ಪೌಂಡ್ ಉಳಿಸಬಲ್ಲವಳಿಗೆ ಅಷ್ಟು ಕೂಡಲು ಒಂಬತ್ತು ವರ್ಷ ಬೇಕು. ವಾರಕ್ಕೊಂದು ಕಾಫಿ ಬಿಟ್ಟರೆ ವರ್ಷಕ್ಕೆ ಇನ್ನೂರು ಪೌಂಡ್ ಉಳಿಯಬಹುದು. ಒಂಬತ್ತು ವರ್ಷದ ಕಾಯುವಿಕೆಯಲ್ಲಿ ಆರು ತಿಂಗಳಷ್ಟೇ ಕಡಿಮೆಯಾದೀತು. ಹಾಸಿಗೆಯೇ ಮೊಟಕಾಗಿರುವಾಗ ಕಾಲು ಮಡಚುವ ಉಪದೇಶದಿಂದ ನಿದ್ದೆ ಬರುವುದಿಲ್ಲ.

‘ಎಲ್ಲದರ ಬೆಲೆಯೂ ಏರಿದೆ, ಮನೆಯದೂ ಏರಿದೆ’ ಎನ್ನುವುದು ನಮ್ಮಲ್ಲಿ ಸಾಮಾನ್ಯವಾದ ಸಮಾಧಾನ. ಇದು ಅರ್ಧ ಸತ್ಯ ಮಾತ್ರ. ನೇಷನ್‌ವೈಡ್ ಬಿಲ್ಡಿಂಗ್ ಸೊಸೈಟಿ ದಶಕಗಳಿಂದ ಪ್ರಕಟಿಸುತ್ತಿರುವ ಸರಾಸರಿ ಬೆಲೆಗಳನ್ನು ಚಿಲ್ಲರೆ ಬೆಲೆ ಸೂಚ್ಯಂಕದ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸ್ಪಷ್ಟವಾದ ಕವಲು ಕಾಣುತ್ತದೆ. 1980ರ 23,500 ಪೌಂಡನ್ನು ಸಾಮಾನ್ಯ ಹಣದುಬ್ಬರದ ದರದಲ್ಲಿ 1995ಕ್ಕೆ ತಂದರೆ ಸುಮಾರು 52,000 ಆಗುತ್ತದೆ. 1995ರಲ್ಲಿ ಸರಾಸರಿ ಮನೆಯ ನಿಜವಾದ ಬೆಲೆ ಸುಮಾರು 51,000. ಎಂಬತ್ತರ ದಶಕದ ಕೊನೆಯಲ್ಲಿ ಬೆಲೆಗಳು ಹುಚ್ಚೆದ್ದು ಏರಿ, ತೊಂಬತ್ತರ ಆರಂಭದಲ್ಲಿ ಕುಸಿದು, ಸಾವಿರಾರು ಕುಟುಂಬಗಳು ಮನೆಯ ಬೆಲೆಗಿಂತ ದೊಡ್ಡ ಸಾಲದಲ್ಲಿ ಸಿಲುಕಿದ್ದವು. ಆ ಏರಿಳಿತಗಳೆಲ್ಲ ಮುಗಿದ ಮೇಲೆ ನೋಡಿದರೆ, ಹದಿನೈದು ವರ್ಷಗಳಲ್ಲಿ ಮನೆಯೂ ಮಾರುಕಟ್ಟೆಯ ಇತರ ಸರಕುಗಳೂ ಒಂದೇ ಹೆಜ್ಜೆಯಲ್ಲಿ ನಡೆದಿದ್ದವು. ಅಲ್ಲಿಂದ ಮುಂದೆ ಕಥೆ ಬೇರೆ. ಅದೇ 23,500 ಪೌಂಡ್ ಇಂದಿನ ಲೆಕ್ಕದಲ್ಲಿ 1.4 ಲಕ್ಷ ಆಗಬೇಕಿತ್ತು, ಆಗಿರುವುದು 2.7 ಲಕ್ಷ. ಸರ್ಕಾರಿ ಅಂಕಿಅಂಶಗಳೂ ಇದನ್ನೇ ಹೇಳುತ್ತವೆ: ಇಂಗ್ಲೆಂಡಿನಲ್ಲಿ 1997ರಲ್ಲಿ ಮಧ್ಯಮ ಬೆಲೆಯ ಮನೆ ಮಧ್ಯಮ ವಾರ್ಷಿಕ ಸಂಬಳದ ಮೂರೂವರೆ ಪಟ್ಟು ಇತ್ತು, 2021ರಲ್ಲಿ ಒಂಬತ್ತು ಪಟ್ಟಿನ ಹತ್ತಿರ ಹೋಯಿತು, 2024ರಲ್ಲಿ ಸ್ವಲ್ಪ ಇಳಿದು 7.7ಕ್ಕೆ ನಿಂತಿತು. ಇದನ್ನು ಹಣದುಬ್ಬರವೆಂದು ಕರೆಯುವುದು ರೋಗಕ್ಕೆ ತಪ್ಪು ಹೆಸರಿಟ್ಟಂತೆ. ಹೆಸರು ತಪ್ಪಾದರೆ ಔಷಧಿಯೂ ತಪ್ಪುತ್ತದೆ.

ಈ ಜ್ವರ ನಮ್ಮ ಆರ್ಥಿಕ ವೈದ್ಯರಿಗೆ ಏಕೆ ಕಾಣಲಿಲ್ಲ? ಅವರ ಥರ್ಮಾಮೀಟರ್ ಬೇರೆಡೆ ಇತ್ತು. 2003ರ ಕೊನೆಯಿಂದ ಬ್ಯಾಂಕ್ ಆಫ್ ಇಂಗ್ಲೆಂಡ್ ಗುರಿಯಾಗಿಟ್ಟುಕೊಂಡಿರುವ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಬ್ರೆಡ್ಡು, ಪೆಟ್ರೋಲು, ಬಾಡಿಗೆ ಎಲ್ಲ ಇವೆ. ಮನೆ ಕೊಳ್ಳುವ ಬೆಲೆ ಮಾತ್ರ ಇಲ್ಲ. ಮನೆಯೆಂಬುದು ಬಳಕೆಯ ಸರಕಲ್ಲ, ಆಸ್ತಿ ಎಂಬುದು ಅದರ ಹಿಂದಿನ ತರ್ಕ. ಲೆಕ್ಕಶಾಸ್ತ್ರಕ್ಕೆ ಅದು ಸರಿಯಿರಬಹುದು. ಆದರೆ ಪರಿಣಾಮ ನೋಡಿ: 1997ರಿಂದ 2007ರವರೆಗಿನ ಹತ್ತು ವರ್ಷಗಳಲ್ಲಿ ಸಾಮಾನ್ಯ ಬೆಲೆಗಳು ಶೇ. 30ರಷ್ಟು ಏರಿದರೆ ಮನೆಗಳು ಮೂರು ಪಟ್ಟಾದವು. ‘ಹಣದುಬ್ಬರ ಹತೋಟಿಯಲ್ಲಿದೆ’ ಎಂದು ಎಲ್ಲರೂ ನೆಮ್ಮದಿಯಿಂದಿದ್ದ ದಶಕವದು.

ಕಾರಣಗಳು ಹಲವು; ಎರಡನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಮೊದಲನೆಯದು ಸಾಲದ ಸುಲಭತೆ. ತಿಂಗಳಿಗೆ 1,000 ಪೌಂಡ್ ಕಂತು ಕಟ್ಟಬಲ್ಲ ಕುಟುಂಬವೊಂದನ್ನು ಊಹಿಸಿಕೊಳ್ಳಿ. ಇಪ್ಪತ್ತೈದು ವರ್ಷಗಳ ಅವಧಿಗೆ, ಶೇ. 15ರ ಬಡ್ಡಿಯಲ್ಲಿ ಅವರಿಗೆ ದಕ್ಕುವ ಸಾಲ ಸುಮಾರು 78,000. ಶೇ. 5ರಲ್ಲಿ 1.71 ಲಕ್ಷ. ಶೇ. 2ರಲ್ಲಿ 2.36 ಲಕ್ಷ. ಮನೆಗಳ ಸಂಖ್ಯೆ ಹೆಚ್ಚದೆ ಎಲ್ಲರ ಕೈಯಲ್ಲೂ ಮೂರು ಪಟ್ಟು ಸಾಲ ಇದ್ದರೆ, ಹರಾಜಿನಲ್ಲಿ ಏರುವುದು ಬೆಲೆಯಲ್ಲದೆ ಮತ್ತೇನು? 1979ರ ನವೆಂಬರಿನಲ್ಲಿ ಶೇ. 17 ಇದ್ದ ಬ್ಯಾಂಕ್ ದರ, 2009ರ ಮಾರ್ಚಿನಲ್ಲಿ ಶೇ. 0.5ಕ್ಕೆ ಇಳಿದು, 2022ರ ವಸಂತದವರೆಗೆ ಶೇ. 1ನ್ನೂ ಮುಟ್ಟಲಿಲ್ಲ. ಇದರ ಜೊತೆಗೆ 1996ರಲ್ಲಿ ಬಾಡಿಗೆಗೆ ಕೊಡಲೆಂದೇ ಮನೆ ಕೊಳ್ಳುವವರಿಗೆ ವಿಶೇಷ ಸಾಲಗಳು ಬಂದವು. ಹೀಗೆ ಮೊದಲ ಮನೆ ಹುಡುಕುವವಳು ಎರಡನೆಯ, ಮೂರನೆಯ ಮನೆ ಹುಡುಕುವವರೊಡನೆ ಅದೇ ಸಾಲಿನಲ್ಲಿ ನಿಲ್ಲಬೇಕಾಯಿತು. ಆಮೇಲೆ, 2022ರ ಅಕ್ಟೋಬರಿನಲ್ಲಿ ಹಣದುಬ್ಬರ ಶೇ. 11.1 ತಲುಪಿದಾಗ, ಅದು ನಮ್ಮ ಹಿರಿಯರ ಕಾಲದ ಸಹಾಯಕನಾಗಿ ಬರಲಿಲ್ಲ. ಸಂಬಳಗಳು ಬೆಲೆಗಳ ಹಿಂದೆ ಬಿದ್ದವು. ಬ್ಯಾಂಕ್ ದರ 2023ರ ಆಗಸ್ಟಿನಲ್ಲಿ ಶೇ. 5.25ಕ್ಕೇರಿ, ದೊಡ್ಡ ಅಸಲಿನ ಮೇಲೆ ದೊಡ್ಡ ಬಡ್ಡಿ ಕೂಡಿತು. ನಮ್ಮ ಸಂಘದಲ್ಲಿಯೇ ಆ ವರ್ಷ ನಿಶ್ಚಿತ ದರದ ಅವಧಿ ಮುಗಿದು ಕಂತು ದಿಢೀರನೆ ಏರಿದ ಕುಟುಂಬಗಳಿದ್ದುದು ನಿಮಗೆ ನೆನಪಿರಬಹುದು.

ಎರಡನೆಯ ಕಾರಣ, ಕಟ್ಟದೆ ಬಿಟ್ಟ ಮನೆಗಳು. ಇದು ನಮ್ಮ ವೃತ್ತಿಗೆ ಹತ್ತಿರವಾದ ಇತಿಹಾಸ. 1948ರಲ್ಲಿ ಎನ್‌ಎಚ್‌ಎಸ್ ಸ್ಥಾಪಿಸಿದ ಅನ್ಯೂರಿನ್ ಬೆವನ್ ಆರೋಗ್ಯ ಸಚಿವರಾಗಿದ್ದರೆಂದು ಎಲ್ಲರೂ ಬಲ್ಲರು. ವಸತಿಯೂ ಅದೇ ಇಲಾಖೆಯ ಹೊಣೆಯಾಗಿತ್ತೆಂಬುದನ್ನು ಬಲ್ಲವರು ಕಡಿಮೆ. ಯುದ್ಧದಲ್ಲಿ ನುಚ್ಚುನೂರಾದ ದೇಶದಲ್ಲಿ ಆಸ್ಪತ್ರೆಯನ್ನೂ ಕೌನ್ಸಿಲ್ ಮನೆಯನ್ನೂ ಒಬ್ಬನೇ ಸಚಿವ ಕಟ್ಟಿಸುತ್ತಿದ್ದ. ಅವರ ನಂತರ ಬಂದ ಎದುರು ಪಕ್ಷದ ಹೆರಾಲ್ಡ್ ಮ್ಯಾಕ್‌ಮಿಲನ್ ವರ್ಷಕ್ಕೆ 3 ಲಕ್ಷ ಮನೆಗಳ ಗುರಿಯನ್ನು ಸಾಧಿಸಿ ತೋರಿಸಿದರು. 1968ರಲ್ಲಿ ಬ್ರಿಟನ್ನಿನಲ್ಲಿ 4 ಲಕ್ಷಕ್ಕೂ ಹೆಚ್ಚು ಮನೆಗಳು ಕಟ್ಟಲ್ಪಟ್ಟವು. 1980ರ ವಸತಿ ಕಾಯಿದೆ ಕೌನ್ಸಿಲ್ ಬಾಡಿಗೆದಾರರಿಗೆ ತಮ್ಮ ಮನೆಯನ್ನು ರಿಯಾಯಿತಿಯಲ್ಲಿ ಕೊಳ್ಳುವ ಹಕ್ಕು ಕೊಟ್ಟಿತು. ದುಡಿಯುವ ಲಕ್ಷಾಂತರ ಕುಟುಂಬಗಳು ಮನೆಯೊಡೆಯರಾದದ್ದು ಒಳ್ಳೆಯದೇ. ಆದರೆ ಇಂಗ್ಲೆಂಡಿನಲ್ಲಿ ಹೀಗೆ ಮಾರಿದ ಸುಮಾರು 20 ಲಕ್ಷ ಮನೆಗಳ ಜಾಗದಲ್ಲಿ ಅಷ್ಟು ಹೊಸ ಮನೆಗಳು ಏಳಲಿಲ್ಲ. ತೊಂಬತ್ತರ ದಶಕದ ಹೊತ್ತಿಗೆ ಕೌನ್ಸಿಲ್‌ಗಳು ಮನೆ ಕಟ್ಟುವುದನ್ನೇ ಬಹುಮಟ್ಟಿಗೆ ನಿಲ್ಲಿಸಿದ್ದವು. ಖಾಸಗಿಯವರು ಆ ಕೊರತೆ ತುಂಬಲಿಲ್ಲ. 1947ರ ನಗರ ಮತ್ತು ಗ್ರಾಮ ಯೋಜನಾ ಕಾಯಿದೆಯ ನಂತರ, ಭೂಮಿ ನಿಮ್ಮದಾದರೂ ಅದರಲ್ಲಿ ಕಟ್ಟುವ ಹಕ್ಕು ನಿಮ್ಮದಲ್ಲ. ಅನುಮತಿ ಬೇಕು, ಅನುಮತಿಗೆ ಅಕ್ಕಪಕ್ಕದವರು ಆಕ್ಷೇಪ ಸಲ್ಲಿಸಬಹುದು. ಹಸಿರು ವಲಯಗಳನ್ನು ಉಳಿಸಿದ ಒಳ್ಳೆಯ ವ್ಯವಸ್ಥೆಯೂ ಇದೇ, ಹೊಸಬರ ಮುಖಕ್ಕೆ ಬಾಗಿಲು ಮುಚ್ಚುವ ವ್ಯವಸ್ಥೆಯೂ ಇದೇ.

ಆ ಬಾಗಿಲು ಮುಚ್ಚಿದ ಕೈಗಳಲ್ಲಿ ನನ್ನದೂ ಒಂದು. ಇದನ್ನು ಹೇಳದೆ ಈ ಲೇಖನ ಪ್ರಾಮಾಣಿಕವಾಗದು.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ತುದಿಯಲ್ಲಿದ್ದ ಹಳೆಯ ಗೋದಾಮನ್ನು ಕೆಡವಿ ಅರವತ್ತಕ್ಕೂ ಹೆಚ್ಚು ಫ್ಲ್ಯಾಟುಗಳನ್ನು ಕಟ್ಟುವ ಅರ್ಜಿ ಕೌನ್ಸಿಲ್ಲಿನ ಮುಂದೆ ಬಂತು. ನೆರೆಯವರೊಬ್ಬರು ಆಕ್ಷೇಪ ಪತ್ರ ಹಿಡಿದು ಮನೆಮನೆಗೆ ಬಂದರು. ವಾಹನ ದಟ್ಟಣೆ, ನೆರಳು, ಪಾರ್ಕಿಂಗ್ ಎಂಬ ಕಾರಣಗಳ ಜೊತೆಗೆ ಇನ್ನೊಂದನ್ನು ಸೇರಿಸಲು ನನ್ನನ್ನೇ ಕೇಳಿದರು: “ಡಾಕ್ಟರ್, ನಿಮ್ಮ ಸರ್ಜರಿಯಲ್ಲಿ ಹೊಸ ರೋಗಿಗಳಿಗೆ ಜಾಗವಿದೆಯೇ?” ಇರಲಿಲ್ಲ. ಅದನ್ನೇ ಬರೆದೆ. ಸಹಿಯ ಕೆಳಗೆ ಪದವಿಯನ್ನೂ ಬರೆದೆ. ಅರ್ಜಿ ತಿರಸ್ಕೃತವಾಯಿತು. ಗೋದಾಮು ಈಗಲೂ ತಗಡಿನ ಬೇಲಿಯ ಹಿಂದೆ ಹಾಗೆಯೇ ನಿಂತಿದೆ.

ಎರಡು ವರ್ಷಗಳ ನಂತರ ನಮ್ಮ ಸರ್ಜರಿಯ ಅತ್ಯುತ್ತಮ ನರ್ಸ್ ರಾಜೀನಾಮೆ ಕೊಟ್ಟಳು. ಮನೆಯ ಮಾಲೀಕ ಮನೆ ಮಾರಲು ನಿರ್ಧರಿಸಿದ್ದ. ಅವಳ ಸಂಬಳಕ್ಕೆ ಎಟುಕುವ ಬೇರೆ ಮನೆ ಹತ್ತಿರದಲ್ಲಿ ಸಿಗಲಿಲ್ಲ. ಒಂದಷ್ಟು ಕಾಲ ದಿನಕ್ಕೆ ಎರಡೂವರೆ ಗಂಟೆ ಪ್ರಯಾಣ ಮಾಡಿದಳು, ಆಮೇಲೆ ಸಾಧ್ಯವಾಗಲಿಲ್ಲ. ಅವಳ ಜಾಗಕ್ಕೆ ಜಾಹೀರಾತು ಕೊಟ್ಟಾಗ ಬಂದ ಅಭ್ಯರ್ಥಿಗಳಿಬ್ಬರೂ ಬಾಡಿಗೆ ವಿಚಾರಿಸಿ ಹಿಂದೆ ಸರಿದರು. ಮಧುಮೇಹಿಗಳ ತಪಾಸಣೆ ತಿಂಗಳುಗಟ್ಟಲೆ ಹಿಂದೆ ಬಿತ್ತು. ‘ಸರ್ಜರಿಯಲ್ಲಿ ಜಾಗವಿಲ್ಲ, ಆದ್ದರಿಂದ ಮನೆ ಬೇಡ’ ಎಂದು ಬರೆದವನು ನಾನು. ಮನೆಯಿಲ್ಲದ್ದರಿಂದ ಸಿಬ್ಬಂದಿಯಿಲ್ಲ, ಸಿಬ್ಬಂದಿಯಿಲ್ಲದ್ದರಿಂದ ಸರ್ಜರಿಯಲ್ಲಿ ಜಾಗವಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ವೈದ್ಯನಾಗಿ ಇದರ ಇನ್ನೊಂದು ಮುಖವನ್ನೂ ವಾರವಾರ ನೋಡುತ್ತೇನೆ. ಚಳಿಗಾಲದಲ್ಲಿ ಉಬ್ಬಸವೆಂದು ಮತ್ತೆ ಮತ್ತೆ ಬರುವ ಮಗು. ಇನ್ಹೇಲರ್ ಸರಿಯಾಗಿ ಬಳಸುತ್ತಿದ್ದಾರೆ, ತಾಯಿ ಜಾಗರೂಕಳು. ವಿಚಾರಿಸಿದರೆ, ನಾಲ್ವರು ಒಂದೇ ಕೋಣೆಯಲ್ಲಿ; ಕಿಟಕಿಯ ಸುತ್ತ ಕಪ್ಪು ಬೂಷ್ಟು; ದೂರು ಕೊಟ್ಟರೆ ಮನೆ ಬಿಡಿಸುತ್ತಾರೆಂಬ ಭಯ. ಕೌನ್ಸಿಲ್ಲಿಗೆ ಪತ್ರ ಬರೆದುಕೊಡಿ ಎನ್ನುತ್ತಾರೆ, ಬರೆದುಕೊಡುತ್ತೇನೆ. ಪತ್ರಗಳಿಂದ ಮನೆಗಳು ಹುಟ್ಟುವುದಿಲ್ಲವೆಂದು ನನಗೂ ಗೊತ್ತು, ಪತ್ರ ಓದುವವರಿಗೂ ಗೊತ್ತು. 2020ರ ಡಿಸೆಂಬರಿನಲ್ಲಿ ರೋಚ್‌ಡೇಲಿನಲ್ಲಿ ಎರಡು ವರ್ಷದ ಮಗುವೊಂದು ಮನೆಯ ಬೂಷ್ಟಿನಿಂದಾಗಿ ತೀರಿಕೊಂಡಿತು. ಕಾರಣ ಅದೇ ಎಂದು 2022ರಲ್ಲಿ ಕಾರೊನರ್ ತೀರ್ಪು ಕೊಟ್ಟರು. ಆ ಮಗುವಿನ ಹೆಸರಿನ ‘ಅವಾಬ್ ಕಾನೂನು’ 2025ರ ಅಕ್ಟೋಬರಿನಿಂದ ಇಂಗ್ಲೆಂಡಿನ ಸಾಮಾಜಿಕ ವಸತಿಗಳಲ್ಲಿ ಜಾರಿಯಾಗಿದೆ. ತೇವ, ಬೂಷ್ಟಿನ ದೂರುಗಳನ್ನು ಗೊತ್ತಾದ ಗಡುವಿನೊಳಗೆ ಪರಿಶೀಲಿಸಿ ಸರಿಪಡಿಸಬೇಕು. ಒಳ್ಳೆಯ ಕಾನೂನು. ಆದರೆ ಹೋಗಲು ಬೇರೆ ಮನೆಯಿಲ್ಲದ ಕಡೆ ಬಾಡಿಗೆದಾರನಿಗೆ ದೂರುವ ಧೈರ್ಯವನ್ನು ಯಾವ ಕಾನೂನೂ ಪೂರ್ತಿಯಾಗಿ ಕೊಡಲಾರದು.

ಇಷ್ಟೆಲ್ಲ ನಡೆಯುವಾಗ ನನ್ನ ಸ್ವಂತ ಮನೆಯ ಗತಿಯೇನು? 2013ರಲ್ಲಿ ನಾನೂ ನನ್ನ ಹೆಂಡತಿಯೂ ಕೊಂಡೆವು. ಬಡ್ಡಿ ಕಡಿಮೆಯಿತ್ತು, ಬೆಲೆಗಳು 2008ರ ಕುಸಿತದಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದವು. ಅಂದಿನಿಂದ ಅದರ ಬೆಲೆ ಏರುತ್ತಲೇ ಬಂತು. ಕೆಲವು ವರ್ಷ, ಕ್ಲಿನಿಕ್ಕಿನಲ್ಲಿ ನಾನು ದುಡಿದು ಉಳಿಸಿದ್ದಕ್ಕಿಂತ, ನಾನು ನಿದ್ದೆ ಮಾಡುವಾಗ ನನ್ನ ಮನೆ ದುಡಿದದ್ದು ಹೆಚ್ಚು. ಇದರಲ್ಲಿ ನನ್ನ ಜಾಣ್ಮೆಯೇನಿತ್ತು? ಸರಿಯಾದ ವರ್ಷದಲ್ಲಿ ಹುಟ್ಟಿ, ಸರಿಯಾದ ವರ್ಷದಲ್ಲಿ ಈ ದೇಶಕ್ಕೆ ಬಂದದ್ದಷ್ಟೇ. ನಾವು ‘ಗಳಿಕೆ’ ಎನ್ನುವುದು ಮುಂದೆ ಆ ಮನೆಯನ್ನು ಕೊಳ್ಳುವವರ ಮೇಲೆ ಹೊರಿಸಿದ ಸಾಲ. ಅವರು ಯಾರು? ನಮ್ಮ ಮಕ್ಕಳೇ, ಅಥವಾ ನಮ್ಮ ಮಕ್ಕಳಂಥವರೇ.

ನಮ್ಮೂರಿನ ಕಡೆಗೂ ಒಮ್ಮೆ ನೋಡೋಣ. ನಮ್ಮ ಸದಸ್ಯ ಕುಟುಂಬಗಳಲ್ಲಿ ಎಷ್ಟೋ ಜನರಿಗೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಒಂದು ‘ಮೂವತ್ತು ನಲವತ್ತು’ ಸೈಟಿದೆ. ಸುತ್ತ ಕಾಂಪೌಂಡು, ಮೇಲೆ ‘ಈ ನಿವೇಶನ ಮಾರಾಟಕ್ಕಿಲ್ಲ’ ಎಂಬ ಫಲಕ, ಒಳಗೆ ಪಾರ್ಥೇನಿಯಂ ಗಿಡ. ವಾಪಸ್ಸು ಹೋಗುವ ಆಸೆಯಿಂದ ಕೊಂಡವರುಂಟು, ಬೆಲೆಯೇರಿಕೆಗೆಂದೇ ಕೊಂಡವರೂ ಉಂಟು. ನನ್ನ ತಂದೆ ದಾವಣಗೆರೆಯಲ್ಲಿ ಶಾಲಾ ಶಿಕ್ಷಕರಾಗಿದ್ದು ಅಂಥದೇ ಒಂದು ಸೈಟಿನಲ್ಲಿ ತಮ್ಮ ಸಂಬಳದ ಸಾಲದಿಂದಲೇ ಮನೆ ಕಟ್ಟಿಸಿದರು. ಬೆಂಗಳೂರಿನಲ್ಲಿ ಇಂದು ಒಬ್ಬ ಶಿಕ್ಷಕನ ಸಂಬಳದಿಂದ ಅದು ಆಗುವ ಮಾತೇ? ಪೌಂಡು, ಡಾಲರುಗಳು ಆ ಹರಾಜಿನಲ್ಲಿ ಕೈಯೆತ್ತಿದ್ದರ ಪಾತ್ರವೂ ಅದರಲ್ಲಿದೆ. ಇಲ್ಲಿ ನಾವು ಯಾರನ್ನು ದೂರುತ್ತೇವೋ, ಅಲ್ಲಿ ನಾವೇ ಅವರು.

ಹಾಗಾದರೆ ಏನು ಮಾಡಬೇಕು? ಸರ್ಕಾರ ಈ ಸಂಸತ್ತಿನ ಅವಧಿಯಲ್ಲಿ ಇಂಗ್ಲೆಂಡಿನಲ್ಲಿ 15 ಲಕ್ಷ ಮನೆಗಳ ಗುರಿ ಹೇಳಿದೆ. ವರ್ಷಕ್ಕೆ ಸುಮಾರು ಎರಡು ಲಕ್ಷದ ಈಗಿನ ವೇಗದಲ್ಲಿ ಅದು ಮುಟ್ಟುವ ಗುರಿಯಲ್ಲ. ಅದನ್ನು ಮತದಾರರಾಗಿ ಕೇಳೋಣ. ಆದರೆ ನಮ್ಮ ಕೈಯಲ್ಲೇ ಇರುವ ನಾಲ್ಕು ಕೆಲಸಗಳಿವೆ.

ಮೊದಲನೆಯದು, ನಿಮ್ಮ ಬೀದಿಯಲ್ಲಿ ಮನೆ ಕಟ್ಟುವ ಅರ್ಜಿ ಬಂದಾಗ, ಆಕ್ಷೇಪಕ್ಕೆ ಸಹಿ ಹಾಕುವ ಮುನ್ನ ಅಲ್ಲಿ ವಾಸಿಸಲು ಬರಬಹುದಾದವರನ್ನು ನೆನೆಯಿರಿ. ಬೆಂಬಲಿಸಿಯೂ ಪತ್ರ ಬರೆಯಬಹುದೆಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಶಾಲೆ ಬೇಕು, ಸರ್ಜರಿ ಬೇಕು ಎಂದು ಷರತ್ತು ಕೇಳೋಣ. ಮನೆಯೇ ಬೇಡವೆನ್ನುವುದು ಬೇಡ. ಗೋದಾಮಿನ ಜಾಗಕ್ಕೆ ಹೊಸ ಅರ್ಜಿ ಬಂದರೆ ಈ ಸಲ ನಾನು ಬೆಂಬಲಿಸಿ ಬರೆಯುತ್ತೇನೆ, ಪದವಿಯನ್ನೂ ಬರೆಯುತ್ತೇನೆ.

ಎರಡನೆಯದು, ನಮ್ಮಲ್ಲಿ ಬಾಡಿಗೆಗೆ ಮನೆ ಕೊಟ್ಟವರು ಹಲವರಿದ್ದಾರೆ. 2025ರ ಅಕ್ಟೋಬರಿನಲ್ಲಿ ಅಂಗೀಕಾರವಾದ ಬಾಡಿಗೆದಾರರ ಹಕ್ಕುಗಳ ಕಾಯಿದೆಯಂತೆ, ಇಂಗ್ಲೆಂಡಿನಲ್ಲಿ 2026ರ ಮೇ 1ರಿಂದ ಕಾರಣ ಕೊಡದೆ ಬಾಡಿಗೆದಾರರನ್ನು ಹೊರಡಿಸುವಂತಿಲ್ಲ, ಜಾಹೀರಾತಿನ ಬಾಡಿಗೆಗಿಂತ ಹೆಚ್ಚು ಕೇಳಿ ಪಡೆಯುವಂತಿಲ್ಲ. ಕಾನೂನಿನ ಭಯಕ್ಕೆ ಕಾಯದೆ ಹಾಗೆ ನಡೆದುಕೊಳ್ಳೋಣ. ಹೊಸದಾಗಿ ಬಂದ ವಿದ್ಯಾರ್ಥಿಗಳಿಂದ, ‘ನಮ್ಮವರು’ ಎಂಬ ನಂಬಿಕೆಯ ಮೇಲೆ, ರಸೀದಿಯಿಲ್ಲದೆ ಮುಂಗಡ ಪಡೆಯುವ ರೂಢಿ ನಮ್ಮಲ್ಲಿಯೂ ಇದೆ. ಅದು ನಿಲ್ಲಬೇಕು.

ಮೂರನೆಯದು, ಮಕ್ಕಳು ಹೊರಟುಹೋದ ಮೇಲೆ ಖಾಲಿಯಿರುವ ಕೋಣೆಗಳು. ನೀವು ವಾಸವಿರುವ ಮನೆಯ ಸಜ್ಜಾದ ಕೋಣೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ 7,500 ಪೌಂಡಿನವರೆಗೆ ತೆರಿಗೆಯಿಲ್ಲ. ಹೊಸದಾಗಿ ಬರುವ ನರ್ಸುಗಳಿಗೆ, ಕಿರಿಯ ವೈದ್ಯರಿಗೆ, ವಿದ್ಯಾರ್ಥಿಗಳಿಗೆ ಮೊದಲ ಆರು ತಿಂಗಳು ನೆಮ್ಮದಿಯ ಸೂರು ಸಿಕ್ಕರೆ, ಅದು ನಾವು ಮಾಡುವ ಯಾವ ಉತ್ಸವಕ್ಕೂ ಕಡಿಮೆಯಾದ ಕನ್ನಡ ಸೇವೆಯಲ್ಲ. ಕೋಣೆ ಕೊಡಬಲ್ಲವರ ಪಟ್ಟಿಯೊಂದನ್ನು ಸಂಘದ ವತಿಯಿಂದ ತಯಾರಿಸಲು ಕಾರ್ಯಕಾರಿ ಸಮಿತಿಯನ್ನು ಕೇಳಿಕೊಂಡಿದ್ದೇನೆ. ಅದರ ಓಡಾಟದ ಕೆಲಸಕ್ಕೆ ನಾನೇ ಸ್ವಯಂಸೇವಕನಾಗುತ್ತೇನೆ.

ನಾಲ್ಕನೆಯದು ಎಲ್ಲಕ್ಕಿಂತ ಸುಲಭ, ಖರ್ಚೂ ಇಲ್ಲ. ಉಪದೇಶ ನಿಲ್ಲಿಸೋಣ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ಇವೆರಡರ ಕಷ್ಟವನ್ನು ಅರಿತೇ ಆ ಮಾತನ್ನು ಹೇಳಿದರು. ಕಟ್ಟಲಾರದವನನ್ನು ಸೋಮಾರಿಯೆಂದು ಹೀಗಳೆಯಲಿಲ್ಲ. ಮುಂದಿನ ಯುಗಾದಿಯ ಊಟದ ಸಾಲಿನಲ್ಲಿ ಬಾಡಿಗೆ ಮನೆಯ ಯುವಕನೋ ಯುವತಿಯೋ ನಿಮ್ಮ ಪಕ್ಕದಲ್ಲಿ ನಿಂತರೆ, ‘ಯಾವಾಗ ಮನೆ ತಗೋತೀಯಾ’ ಎಂದು ಕೇಳುವ ಬದಲು ‘ಇರುವ ಮನೆ ಹೇಗಿದೆ, ಬೆಚ್ಚಗಿದೆಯಾ’ ಎಂದು ಕೇಳಿ. ಉತ್ತರ ಕೇಳಿಸಿಕೊಳ್ಳುವಷ್ಟು ಹೊತ್ತು ಅಲ್ಲಿಯೇ ನಿಂತಿರಿ.

ಭಿನ್ನಾಭಿಪ್ರಾಯವಿದ್ದವರು ದಯವಿಟ್ಟು ಬರೆಯಿರಿ. ವಿಶೇಷವಾಗಿ ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಇಲ್ಲಿ ಮನೆ ಮಾಡಿದ ಹಿರಿಯರು ತಮ್ಮ ಹಳೆಯ ಸಾಲದ ಕಾಗದಗಳನ್ನು ಹೊರತೆಗೆದು ಲೆಕ್ಕ ಹಂಚಿಕೊಂಡರೆ, ಕಿರಿಯರಿಗೆ ಉಪದೇಶಕ್ಕಿಂತ ಹೆಚ್ಚಿನದೊಂದು ದೊರಕೀತು.